ಕೂಸಿನ ಅಂಗಿ ಯಾರ ಅಳತೆಗೆ?

ಹುಟ್ಟುವಾಗ ಹೆಚ್ಚುಕಡಿಮೆ 50 ಸೆಂಟಿಮೀಟರ್ ಉದ್ದವಿರುವ ಕೂಸು ವರ್ಷ ತುಂಬುವಷ್ಟರಲ್ಲಿ 75 ಸೆಂಟಿಮೀಟರಿನ ಆಸುಪಾಸಿಗೆ ಬಂದಿರುತ್ತದೆ. ತೂಕ ಐದನೇ ತಿಂಗಳಿಗೆಲ್ಲ ಇಮ್ಮಡಿ, ಮೊದಲ ಹುಟ್ಟುಹಬ್ಬಕ್ಕೆ ಮುಮ್ಮಡಿ. ಹೀಗಿರುವಾಗ ಕೂಸಿಗೆಂದು ಹೊಲಿದ ಅಂಗಿ ಮೂರು ತಿಂಗಳು ಬಂದರೆ ಬಂತು. ಅಷ್ಟಕ್ಕಾಗಿ ಎರಡು ಮಧ್ಯಾಹ್ನ ಸೂಜಿ ಹಿಡಿದು ಕೂರುವುದೇಕೆ ಎಂದು ಬಳ್ಳಾರಿ ಸೀಮೆಯ ಕುರೆಕುಪ್ಪದ ಯಾವ ತಾಯಿಯಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಪಕ್ಕದಲ್ಲೇ ತೋರಣಗಲ್ಲು. ಅಲ್ಲಿನ ಅಂಗಡಿಗಳಲ್ಲಿ ಕೂಸಿನ ಅಂಗಿ, ಟೋಪಿ, ಕಾಲುಚೀಲ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಸಿಗುತ್ತವೆ. ತೊಟ್ಟಿಲ ಕಾರ್ಯಕ್ಕೆ ಮುಯ್ಯಿ ಒಯ್ಯುವವರಿಗೆ ಅದು ಅಗ್ಗ, ಸಲೀಸು, ನೋಡುವುದಕ್ಕೂ ಚೆಂದ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಕೈಯಲ್ಲಿ ಹೊಲಿದದ್ದರಲ್ಲಿ ಪ್ರೀತಿ ಇರುತ್ತದೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಪಾಳಿ ಮುಗಿಸಿ ಬರುವ ಕಾರ್ಖಾನೆಯ ಕೆಲಸಗಾರ ದಾರಿಯಲ್ಲಿ ಇಳಿದು ಮಗಳಿಗೊಂದು ಫ್ರಾಕು ಕೊಳ್ಳುತ್ತಾನಲ್ಲ, ಅದರಲ್ಲಿ ಪ್ರೀತಿ ಕಡಿಮೆ ಎನ್ನಲು ನಾವು ಯಾರು? ಪ್ರೀತಿಯನ್ನು ಸೂಜಿಗೆ ಗಂಟುಹಾಕಿದರೆ ಹೊಲಿಯಲು ಬಾರದವರಿಗೂ ಬಿಡುವಿಲ್ಲದವರಿಗೂ ಅನ್ಯಾಯವಾಗುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಹೊಲಿಯುವವಳಿಗೇ ಆಗುತ್ತದೆ; ಅದಕ್ಕೆ ಆಮೇಲೆ ಬರುತ್ತೇನೆ. ಕೂಸಿಗೆ ಹೊಲಿಯುವುದು ಮೊದಲು ಒಂದು ವಿದ್ಯೆ. ಕೂಸಿನ ಮೈ ಹೇಗೆ ಬೆಳೆಯುತ್ತದೆ, ಎಲ್ಲಿ ಬೆವರುತ್ತದೆ, ಎಲ್ಲಿ ಉಜ್ಜಿದರೆ ಕೆಂಪಾಗುತ್ತದೆ, ಊರಿನ ಬಿಸಿಲು ಗಾಳಿ ಎಂಥದ್ದು ಎಂಬುದನ್ನೆಲ್ಲ ತಿಳಿದವಳ ವಿದ್ಯೆ. ಕೈಹೊಲಿಗೆಯನ್ನು ಉಳಿಸಿಕೊಳ್ಳಬೇಕು ಎನ್ನುವುದಾದರೆ ಆ ತಿಳಿವಳಿಕೆಗಾಗಿ ಉಳಿಸಿಕೊಳ್ಳಬೇಕು.

ಕಸೆಯಂಗಿಯನ್ನೇ ನೋಡಿ. ಮುಂದೆ ಒಂದರ ಮೇಲೊಂದು ಮಡಿಚಿಬರುವ ಎರಡು ಪಕ್ಕೆ, ಅವನ್ನು ಕಟ್ಟಲು ಅದೇ ಬಟ್ಟೆಯಿಂದ ಮಾಡಿದ ನಾಲ್ಕು ಕಸೆ. ಗುಂಡಿ ಇಲ್ಲ, ಹುಕ್ಕು ಇಲ್ಲ, ತಲೆಯ ಮೇಲಿಂದ ಎಳೆದು ತೊಡಿಸುವ ಗೋಜಿಲ್ಲ. ಕುತ್ತಿಗೆ ನಿಲ್ಲದ ಕೂಸನ್ನು ಅಂಗಾತ ಮಲಗಿಸಿದಲ್ಲೇ ತೋಳು ತೂರಿಸಿ ಕಟ್ಟಬಹುದು. ಬಲ್ಲವಳು ಹೊಲಿಗೆಯ ಅಂಚನ್ನು ಹೊರಮುಖಕ್ಕೆ ಬಿಡುತ್ತಾಳೆ. ನೋಡುವವರಿಗೆ ಅಂಗಿ ತಿರುವುಮುರುವು ತೊಡಿಸಿದಂತೆ ಕಾಣುತ್ತದೆ, ಕೂಸಿನ ಮೈಗೆ ಮಾತ್ರ ನುಣುಪು ಬದಿ ತಾಗುತ್ತದೆ. ಕಂಕುಳಲ್ಲಿ ಒಂದು ಚೌಕ ತುಂಡು ಸೇರಿಸಿರುತ್ತಾಳೆ, ತೋಳೆತ್ತಿದಾಗ ಜಗ್ಗದಿರಲೆಂದು. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಿನಷ್ಟು ಬಟ್ಟೆ ಮಡಿಚಿಟ್ಟಿರುತ್ತಾಳೆ. ತಿಂಗಳು ಕಳೆದು ಅಂಗಿ ಬಿಗಿಯಾದರೆ ಆ ದಾರ ಬಿಚ್ಚಿದರಾಯಿತು, ಕಸೆಯನ್ನು ಇನ್ನಷ್ಟು ಸಡಿಲ ಕಟ್ಟಿದರಾಯಿತು. ಮೂರು ತಿಂಗಳ ಅಂಗಿ ಆರು ತಿಂಗಳು ಬರುತ್ತದೆ. ಪೆಟ್ಟಿಗೆಯಲ್ಲಿ ಬಂದ ಸಿದ್ಧ ಉಡುಪಿನ ಒಳಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಅಲ್ಲಿ ಬಿಚ್ಚಲು ಏನೂ ಬಿಟ್ಟಿರುವುದಿಲ್ಲ. ನೈಲಾನ್ ದಾರದ ಗೀರು, ಕುತ್ತಿಗೆಯ ಹಿಂದೆ ಚುಚ್ಚುವ ಲೇಬಲ್ಲು, ಎದೆಯ ಮೇಲೆ ಗಾಳಿಯಾಡದಂತೆ ಅಂಟಿಸಿದ ಪ್ಲಾಸ್ಟಿಕ್ ಚಿತ್ರ. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಸೆಖೆಯಲ್ಲಿ ಆ ಚಿತ್ರದಡಿ ಕೂಸಿನ ಎದೆ ಏನಾಗಬೇಡ?

ಹಳೆಯ ಬಟ್ಟೆಯ ವಿಷಯವೂ ಹಾಗೆಯೇ. ಹೆಸರಿಡುವತನಕ ಕೂಸಿಗೆ ಹೊಸ ಅರಿವೆ ತೊಡಿಸಬಾರದು, ಹಿರಿಯರು ಉಟ್ಟು ಬಿಟ್ಟದ್ದರಲ್ಲೇ ಸುತ್ತಬೇಕು ಎಂಬ ರೂಢಿ ನಮ್ಮ ಕಡೆ ಹಲವು ಮನೆಗಳಲ್ಲಿ ಉಂಟು. ದೃಷ್ಟಿಯ ಮಾತು ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ, ಮೂಢನಂಬಿಕೆ ಎಂದು ತಳ್ಳುವವರೂ ಇದ್ದಾರೆ. ನೂರು ಸಲ ಒಗೆಸಿಕೊಂಡ ಹತ್ತಿಯ ಸೀರೆಯಲ್ಲಿ ಗಂಜಿಯಿಲ್ಲ, ಬಿಡುವ ಬಣ್ಣವೆಲ್ಲ ಬಿಟ್ಟಾಗಿದೆ, ಎಳೆಗಳು ಮೆದುವಾಗಿವೆ. ಹೊಸ ಬಟ್ಟೆಗೆ ಈ ಮೂರು ಗುಣವೂ ಇಲ್ಲ. ಕಾರಣ ಹೇಳಿದವರು ತಪ್ಪಿರಬಹುದು, ರೂಢಿ ಮಾಡಿದವರ ಕೈ ತಪ್ಪಿರಲಿಲ್ಲ. ಜಪಾನಿನಲ್ಲೂ ಹೀಗೊಂದು ಪದ್ಧತಿಯಿತ್ತು. ಕೂಸು ಬದುಕಿ ಬಾಳಲೆಂದು ಹಲವು ಮನೆಗಳಿಂದ ಬಟ್ಟೆಯ ತುಂಡು ಬೇಡಿ ತಂದು ಜೋಡಿಸಿ ಅಂಗಿ ಹೊಲಿಯುತ್ತಿದ್ದರು. ಮಕ್ಕಳ ನಿಲುವಂಗಿಗೆ ಬೆನ್ನಲ್ಲಿ ಜೋಡುಹೊಲಿಗೆ ಬರುವುದಿಲ್ಲವೆಂದು, ಕೆಡುಕು ಅಲ್ಲಿಂದ ಒಳನುಗ್ಗದಂತೆ, ಬೆನ್ನಮೇಲೆ ಬೇರೆಯಾಗಿ ಒಂದು ರಕ್ಷೆಯ ಹೊಲಿಗೆ ಹಾಕುತ್ತಿದ್ದರು. ಮಕ್ಕಳು ಸುಲಭವಾಗಿ ಸಾಯುತ್ತಿದ್ದ ಕಾಲದಲ್ಲಿ ತಾಯಂದಿರ ಕೈಗೆ ಎಟುಕಿದ್ದು ಸೂಜಿ ದಾರ. ಅದರಲ್ಲಿ ಆದಷ್ಟನ್ನು ಅವರು ಮಾಡಿದರು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಕೌದಿ. ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಒಗೆದು ಒಣಗಿಸಿ, ಸವೆದ ಭಾಗ ಕತ್ತರಿಸಿ ತೆಗೆದು, ಗಟ್ಟಿ ತುಂಡುಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಯುತ್ತ ಬರುವುದು. ತೊಟ್ಟಿಲಿಗೆ ಹೊಲಿಯುವ ಕೌದಿ ಚಿಕ್ಕದು, ಸಾಲುಗಳು ಒತ್ತೊತ್ತು. ಒಗೆದಾಗ ಪದರಗಳು ಒಳಗೇ ಗುಂಪುಗೂಡಬಾರದಲ್ಲ, ಅದಕ್ಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಚಿ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕಕ್ಕೆ ಮುಗಿದ ಕೌದಿಯಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಹದಿನಾಲ್ಕು ಬಗೆಯ ಹೊಲಿಗೆಗಳಲ್ಲಿ ಒಂದರ ಹೆಸರೇ ಕೌದಿ. ಹೀಗೆ ನಾಡಿನ ಉದ್ದಗಲಕ್ಕೂ ಹರಡಿದ ಕೆಲಸವಿದು. ಆದರೂ ಮಗಳ ಬಾಣಂತನಕ್ಕೆ ಕೌದಿ ಹೊಲಿದ ತಾಯಿಯನ್ನು ಕೇಳಿದರೆ ‘ಸುಮ್ಮನೆ ಕೂತಿದ್ದೆ, ಹೊಲಿದೆ’ ಎನ್ನುತ್ತಾಳೆ.

ಇಷ್ಟು ಹೇಳಿದ್ದರಿಂದ ಕೈಯಲ್ಲಿ ಮಾಡಿದ್ದೆಲ್ಲ ಕೂಸಿಗೆ ಒಳ್ಳೆಯದು ಎಂದಾಗುವುದಿಲ್ಲ. ಈಚೆಗೆ ಉಡುಗೊರೆಯೆಂದು ಹೊಲಿಯುವ ಹಲವು ವಸ್ತುಗಳು ಕೊಡುವವರ ಕಣ್ಣಿಗೆ ಹೊಲಿದವು, ತೊಡುವ ಕೂಸಿಗಲ್ಲ. ಕುಂಚಿಗೆಯ ಅಂಚಿಗೆ ಜರಿ, ಕುಲಾವಿಯ ನೆತ್ತಿಗೆ ಮಣಿ, ಬಟ್ಟೆಗೊಂಬೆಗೆ ಹೊಳೆಯುವ ಗುಂಡಿಯ ಕಣ್ಣು. ಕುಂಚಿಗೆ ಹುಟ್ಟಿದ್ದು ಕಂಕುಳಲ್ಲಿ ಎತ್ತಿ ನಡೆಯುವಾಗ ಕೂಸಿನ ಕಿವಿಗೆ ಬೆನ್ನಿಗೆ ಗಾಳಿ ತಾಗದಿರಲೆಂದು. ಖಣದ ಕುಂಚಿಗೆಯಲ್ಲಿ ಕೂಸು ಚೆಲುವಾಗಿಯೇ ಕಾಣುತ್ತದೆ, ಫೋಟೋ ತೆಗೆಯುವಷ್ಟು ಹೊತ್ತು ಇರಲಿ. ಒಳಗೆ ಹಳೆಯ ಮಲ್ಲಿನ ಅಸ್ತರು ಕೊಡದೆ ಅದನ್ನು ದಿನವಿಡೀ ತೊಡಿಸಿದರೆ ಹಣೆಯ ತುಂಬ ಬೆವರುಸಾಲೆ ಏಳುತ್ತದೆ.

ಕನ್ನಡಿ, ಕವಡೆ, ನಾಣ್ಯ ಪೋಣಿಸಿದ ಲಂಬಾಣಿ ಕೆಲಸದ ಚೆಲುವಿಗೆ ನಾನು ಮಾರುಹೋದವಳು. ಆದರೂ ಹೇಳುತ್ತೇನೆ: ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗುವ ಯಾವುದರ ಮೇಲೂ ಅವು ಬೇಡ. ಈ ವಯಸ್ಸಿನ ಮಕ್ಕಳ ಆಟಿಕೆ ಪರೀಕ್ಷಿಸಲು ಒಂದು ಪುಟ್ಟ ಕೊಳವೆ ಬಳಸುತ್ತಾರೆ, ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಬಿಡಿಯಾದ ಭಾಗ ಅದರೊಳಗೆ ಇಡಿಯಾಗಿ ಇಳಿದರೆ ಆ ಆಟಿಕೆ ಅನುತ್ತೀರ್ಣ, ಏಕೆಂದರೆ ಮಗುವಿನ ಗಂಟಲಲ್ಲೂ ಅದು ಸಿಕ್ಕಿಕೊಳ್ಳಬಹುದು. ಕವಡೆ ಇಳಿಯುತ್ತದೆ, ಕನ್ನಡಿಯ ಚೂರು ಇಳಿಯುತ್ತದೆ, ಗುಂಡಿಯಂತೂ ಕೇಳುವುದೇ ಬೇಡ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಜಾರಿಯಲ್ಲಿದೆ. ನೋಂದಾಯಿತ ಕರಕುಶಲಿಗರು ತಾವೇ ಮಾಡಿ ಮಾರುವ ಆಟಿಕೆಗಳಿಗೆ 2020ರ ಡಿಸೆಂಬರಿನ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಪರೀಕ್ಷೆಯ ಖರ್ಚು ಹೊರಲಾರದ ಸಣ್ಣ ಕೈಗಳಿಗೆ ಆ ವಿನಾಯಿತಿ ಬೇಕೇ ಬೇಕಿತ್ತು. ಆದರೆ ಸರ್ಕಾರ ಬಿಟ್ಟುಕೊಟ್ಟ ಎಚ್ಚರವನ್ನು ಹೊಲಿಯುವವಳು ತಾನಾಗಿ ವಹಿಸಬೇಕಾಗುತ್ತದೆ. ಗೊಂಬೆಯ ಕಣ್ಣನ್ನು ದಾರದಲ್ಲೇ ತುಂಬಿ ಹೊಲಿಯಬಹುದು. ಹಾಗೆ ಹೊಲಿದ ಕಣ್ಣನ್ನು ಯಾವ ಮಗುವೂ ಕಿತ್ತು ನುಂಗಲಾರದು.

ಕೌದಿಗೂ ಇದೇ ಮಾತು. ವರ್ಷದೊಳಗಿನ ಕೂಸು ಮಲಗುವಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆಯ ಗೊಂಬೆ ಯಾವುದೂ ಇರಬಾರದು, ಮುಖಕ್ಕೆ ಬಂದು ಉಸಿರು ಕಟ್ಟಬಹುದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಕೌದಿಯನ್ನು ಕೂಸಿನ ಕೆಳಗೆ ಬಿಗಿಯಾಗಿ ಹಾಸಿ. ಒತ್ತೊತ್ತಾಗಿ ಹೊಲಿದ, ಸಪಾಟಾದ ತೊಟ್ಟಿಲ ಕೌದಿ ಆ ಕೆಲಸಕ್ಕೇ ಹೇಳಿ ಮಾಡಿಸಿದ್ದು. ಹತ್ತಿ ತುಂಬಿ ಉಬ್ಬಿಸಿದ ಅಂಗಡಿಯ ಪುಟ್ಟ ರಜಾಯಿಗಿಂತ ಅದು ಮೇಲು.

ಇನ್ನು ಬೆಲೆಯ ಮಾತು. ಸಿದ್ಧ ಉಡುಪು ಬಂದದ್ದರಿಂದ ಹೆಂಗಸರ ಹೆಗಲ ಮೇಲಿನ ಒಂದು ಹೊರೆ ಇಳಿಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಮನೆಮಂದಿಯ ಬಟ್ಟೆಯನ್ನೆಲ್ಲ ಹೊಲಿದು, ತೇಪೆ ಹಚ್ಚಿ ಕಣ್ಣು ಕೆಡಿಸಿಕೊಂಡ ಅಜ್ಜಿಯರ ಕಾಲವನ್ನು ವಾಪಸು ಕರೆಯುವ ಆಸೆ ನನಗಿಲ್ಲ. ಅಗ್ಗದ ಉಡುಪನ್ನು ಹೊಲಿಯುವವರೂ ಹೆಂಗಸರೇ. ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಪೀಸಿನ ಲೆಕ್ಕಕ್ಕೆ ದುಡಿಯುವ ಮನೆಗಳು ಎಷ್ಟಿವೆ ಎಂದು ಆ ಓಣಿಗಳಲ್ಲಿ ನಡೆದವರಿಗೆ ಗೊತ್ತು. ಕೈಹೊಲಿಗೆಯನ್ನು ಹೊಗಳುವ ಭರದಲ್ಲಿ ಇವರ ದುಡಿಮೆಯನ್ನು ಕೀಳುಗಳೆಯುವುದು ಸಲ್ಲ.

ಪ್ರೀತಿಯ ಮಾತು ಬೇಡವೆಂದು ಮೊದಲಿಗೆ ಹೇಳಿದ್ದು ಈ ಬೆಲೆಯ ಕಾರಣಕ್ಕೆ. ‘ಪ್ರೀತಿಯಿಂದ ಮಾಡಿದ್ದು’ ಎಂದ ಕೂಡಲೇ ಕೂಲಿಯ ಪ್ರಶ್ನೆ ಮುಚ್ಚಿಹೋಗುತ್ತದೆ. ಪ್ರೀತಿಗೆ ಯಾರಾದರೂ ದರ ಕೇಳುತ್ತಾರೆಯೇ? ಚಿಕ್ಕ ಕೌದಿಯೊಂದಕ್ಕೆ ನಾಲ್ಕು ದಿನ ಹಿಡಿಯಿತೆಂದುಕೊಳ್ಳಿ. ಉದ್ಯೋಗ ಖಾತ್ರಿಯ ಕೂಲಿ 2025–26ನೇ ಸಾಲಿಗೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಮಣ್ಣು ಹೊರುವ ಕೂಲಿಯ ಲೆಕ್ಕ ಹಾಕಿದರೂ 1,480 ರೂಪಾಯಿ ಆಯಿತು. ದಾರ, ಬಟ್ಟೆ ಬೇರೆ. ಅದೇ ಕೌದಿಗೆ ಆರುನೂರು ಎಂದರೆ ‘ಇಷ್ಟ್ಯಾಕಕ್ಕಾ? ಹಳೇ ಸೀರಿ ತುಂಡಲ್ಲೇನು?’ ಎನ್ನುತ್ತೇವೆ. ಹಾಗೆ ಕೇಳುವವರೇ ಊರಿನ ಕೈಕೆಲಸ ಅಳಿಯುತ್ತಿದೆ ಎಂದು ಮರುಗುವವರು.

ಸಂಡೂರಿನಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ ಉದಾಹರಣೆಯಿದೆ. ತಾಂಡಾಗಳ ಹೆಂಗಸರು ತಮ್ಮ ಮೈಮೇಲಿನ ಉಡುಗೆಗಾಗಿ ಹಾಕುತ್ತಿದ್ದ ಕಸೂತಿಯನ್ನು ಎಂಬತ್ತರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಮಾರುಕಟ್ಟೆಗೆ ತಂದಿತು. ಮುಂದೆ ಆ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಕಸೂತಿ ಹಾಕಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆಯಲಾಯಿತು. ಅವರ ಕೆಲಸಕ್ಕೆ ಹೆಸರು ಬಂದದ್ದು ಸಂತೋಷ. ನನಗೆ ಮುಖ್ಯವಾಗಿ ಕಾಣುವುದು ದಾಖಲೆಗಿಂತ ಅದರ ಹಿಂದಿನ ಏರ್ಪಾಡು: ಈ ಕೆಲಸಕ್ಕೆ ಇಷ್ಟು ಹೊತ್ತು, ಇಷ್ಟು ದರ ಎಂದು ಒಂದು ಲೆಕ್ಕಕ್ಕೆ ಬರುವುದು. ಕೌದಿಗೆ, ಕಸೆಯಂಗಿಗೆ, ಕುಂಚಿಗೆಗೆ ಅಂಥ ಲೆಕ್ಕ ಇನ್ನೂ ಬಂದಿಲ್ಲ. ನಮ್ಮೂರುಗಳ ಹೊಲಿಗೆ ತರಬೇತಿಯಲ್ಲಿ ರವಿಕೆ, ಚೂಡಿದಾರ, ಸೀರೆಗೆ ಫಾಲು ಹಚ್ಚುವುದು ಕಲಿಸುತ್ತಾರೆ, ಬಡ ಹೆಂಗಸರಿಗೆ ಹೊಲಿಗೆ ಯಂತ್ರವನ್ನೂ ಕೊಡುತ್ತಾರೆ. ಕೂಸಿನ ಅಂಗಿ ಮಾತ್ರ ಮನೆಯಲ್ಲಿ ತಂತಾನೇ ಬರುವ ವಿದ್ಯೆ ಎಂದು ಬಿಟ್ಟುಬಿಡುತ್ತಾರೆ. ತಂತಾನೇ ಬರುವ ಕಾಲ ಮುಗಿಯಿತು. ಅದನ್ನು ಬಲ್ಲವರು ಈಗ ಅರವತ್ತು ದಾಟಿದವರು.

ಕುರೆಕುಪ್ಪದಂಥ ಊರಿನಲ್ಲಿ ಇದು ಇನ್ನೂ ತುರ್ತಿನ ಸಂಗತಿ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಿಹಾರ, ಒಡಿಶಾದ ಕಡೆಯಿಂದ ಬಂದ ಸಂಸಾರಗಳು ಇಲ್ಲಿ ಬಾಡಿಗೆ ಮನೆಗಳಲ್ಲಿವೆ. ಆ ಮನೆಗಳಲ್ಲಿ ಹೆರಿಗೆಯಾದ ಎಳೆಯ ತಾಯಿಗೆ ತವರು ಎರಡು ದಿನದ ರೈಲಿನಷ್ಟು ದೂರ. ಬಿಹಾರದ ಹಳ್ಳಿಗಳಲ್ಲಿ ಹಳೆಯ ಸೀರೆಗಳನ್ನು ಪದರವಾಗಿ ಹೊಲಿದು ಹಸುಗೂಸನ್ನು ಸುತ್ತುವ ಸುಜನಿ ಎಂಬ ಪದ್ಧತಿಯಿದೆ, ಬಂಗಾಳದಲ್ಲಿ ಅದೇ ಕಾಂಥಾ. ಅವಳಿಗೆ ಸುಜನಿ ಹೊಲಿಯುವ ಅತ್ತೆ ಊರಲ್ಲೇ ಉಳಿದಿದ್ದಾಳೆ. ಕೌದಿ ಹೊಲಿಯಬಲ್ಲ ಅಜ್ಜಿ ಎರಡು ಮನೆಯಾಚೆ ಕಟ್ಟೆಯ ಮೇಲೆ ಕೂತಿದ್ದಾಳೆ. ಅದಿರಿನ ಲಾರಿ ಓಡಾಡುವ ಈ ದಾರಿಗಳಲ್ಲಿ ಬಿಳಿ ಬಟ್ಟೆ ಒಣಹಾಕಿದರೆ ಸಂಜೆಗೆ ಕೆಂಪಾಗುತ್ತದೆ, ಕೂಸಿನ ಅರಿವೆ ಒಳಗೇ ಒಣಗಿಸಬೇಕು, ಕಡುಬಣ್ಣದ ಹಳೆಯ ಹತ್ತಿಯೇ ಲೇಸು ಎಂಬುದು ಆ ಅಜ್ಜಿಗೆ ಗೊತ್ತು, ರೈಲಿಳಿದು ಬಂದವಳಿಗೆ ಗೊತ್ತಿರಲಾರದು. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯದಿದ್ದರೂ ಸೀರೆಯ ಪದರ ಮುಟ್ಟಿ ತೋರಿಸಿದರೆ ಇಬ್ಬರಿಗೂ ಅರ್ಥವಾಗುತ್ತದೆ. ಆ ಮನೆಗೆ ಮುಯ್ಯಿ ಒಯ್ಯುವ ನೆರೆಹೊರೆಯವರು, ಜೊತೆ ಕೆಲಸದವರು ಪೆಟ್ಟಿಗೆಯ ಉಡುಪಿಗೆ ತಲಾ ಮುನ್ನೂರು ಹಾಕುವ ಬದಲು ಐದು ಜನ ಕೂಡಿ, ಬಾಣಂತಿಯ ಹಳೆಯ ಸೀರೆ ಎರಡನ್ನು ಕೇಳಿ ತಂದು, ಆ ಅಜ್ಜಿಯ ಕೈಗೆ ದಾರದ ಉಂಡೆಯ ಜೊತೆ ನಾಲ್ಕು ದಿನದ ಕೂಲಿಯನ್ನು ಮುಂಗಡವಾಗಿ ಕೊಡಲಿ.