ಕುಸುಬಿಗೆ 6,540 ರೂ. ಬೆಂಬಲ ಬೆಲೆ: ರೇಟು ಏರಿತು, ಬೆಳೆ ವಾಪಸ್ ಬರ್ತದಾ?

ಅಣ್ಣಿಗೇರಿ: ಈ ಹಿಂಗಾರಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆಯಲ್ಲಿ ಹೆಚ್ಚು ಏರಿಕೆ ಸಿಕ್ಕಿದ್ದು ಗೋಧಿಗೂ ಅಲ್ಲ, ಕಡಲೆಗೂ ಅಲ್ಲ, ಕುಸುಬಿಗೆ. 5,940 ರೂ. ಇದ್ದ ಕ್ವಿಂಟಲ್ ದರ 600 ರೂ. ಏರಿ 6,540 ಆಗಿದೆ. ಕಡಲೆಯ ದರ 5,875. ಕಾಗದದ ಮೇಲೆ ನೋಡಿದರೆ ಎರೆ ಹೊಲದ ರೈತರು ಕುಸುಬಿಗೆ ಮುಗಿಬೀಳಬೇಕಿತ್ತು. ಆದರೆ ಹೊಲದಲ್ಲಿ ಕಾಣೋದು ಕಡಲೆ, ಬಿಳಿಜೋಳವೇ. ಯಾಕೆ?

ಮನೆ ಮಗಳಂಥ ಬೆಳೆ

ಕುಸುಬಿ ಈ ಭಾಗಕ್ಕೆ ಹೊಸದಲ್ಲ. ಅಣ್ಣಿಗೇರಿ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿ ದೇಶದ ಕುಸುಬಿ ಪ್ರಯೋಗಗಳಲ್ಲಿ ಬಹಳ ಕಾಲ ಹೋಲಿಕೆಯ ಅಳತೆಗೋಲಾಗಿತ್ತು. ಜೋಳ, ಕಡಲೆ ನಡುವೆ ಅಕ್ಕಡಿ ಸಾಲಾಗಿ, ಹೊಲದ ಅಂಚಿಗೆ ಮುಳ್ಳಿನ ಬೇಲಿಯಾಗಿ ಕುಸುಬಿ ಹಾಕ್ತಿದ್ದರು. ದನ ಒಳಗೆ ನುಗ್ಗೋದಿಲ್ಲ, ಎಳೆ ಸೊಪ್ಪು ಪಲ್ಯಕ್ಕೆ ಆಗ್ತದೆ, ಬೀಜ ಗಾಣಕ್ಕೆ ಹೋಗ್ತದೆ.

ಇದಕ್ಕೂ ಹಿಂದೆ ಕುಸುಬಿ ಎಣ್ಣೆಗಿಂತ ಬಣ್ಣಕ್ಕೆ ಹೆಸರಾಗಿತ್ತು. ಪ್ರಾಚೀನ ಈಜಿಪ್ಟಿನವರು ಇದರ ಹೂವಿನಿಂದ ಬಟ್ಟೆಗೆ ಬಣ್ಣ ಕಟ್ತಿದ್ದರು. ಸಂಸ್ಕೃತದ ಕುಸುಂಭ ಅಂದ್ರೆ ಇದೇ. 1856ರ ನಂತರ ರಾಸಾಯನಿಕ ಬಣ್ಣ ಬಂದ ಮೇಲೆ ಹೂವಿನ ವ್ಯಾಪಾರ ಬಿದ್ದುಹೋಯ್ತು, ಎಣ್ಣೆಬೀಜವಾಗಿ ಮಾತ್ರ ಬೆಳೆ ಉಳಿಯಿತು.

1980ರ ದಶಕದಲ್ಲಿ ದೇಶದಲ್ಲಿ ಹಲವು ಲಕ್ಷ ಹೆಕ್ಟೇರ್ ಕುಸುಬಿ ಇತ್ತು. ಈಚಿನ ವರ್ಷಗಳಲ್ಲಿ ಅದು ಒಂದು ಲಕ್ಷ ಹೆಕ್ಟೇರಿನ ಒಳಗೂ ಇಳಿದಿದ್ದುಂಟು. ಉಳಿದಿದ್ದರಲ್ಲಿ ದೊಡ್ಡ ಪಾಲು ಮಹಾರಾಷ್ಟ್ರ ಮತ್ತು ಕರ್ನಾಟಕದ್ದು.

ಬೆಳೆ ಸುಲಭ, ಕೊಯ್ಲು ಕಷ್ಟ

ಬೆಳೆಯೋದಕ್ಕೆ ಕುಸುಬಿಯಷ್ಟು ಸುಲಭದ ಬೆಳೆ ಇಲ್ಲ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದರೆ ಬೇರು ಆಳಕ್ಕೆ ಇಳಿದು ಎರೆ ಮಣ್ಣಿನ ತಳದ ಹಸಿಯನ್ನೇ ಕುಡಿದು ಬದುಕ್ತದೆ. ಹೇನಿನ ಕಾಟವೊಂದನ್ನು ನೋಡಿಕೊಂಡರೆ ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲು. ತೊಂದರೆ ಶುರುವಾಗೋದು ಅಲ್ಲಿ. ಮುಳ್ಳಿಗೆ ಹೆದರಿ ಕೂಲಿ ಆಳು ಬರೋದಿಲ್ಲ. ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕಿತ್ತು ಮುಗಿಸಬೇಕು.

ಮುಳ್ಳಿಲ್ಲದ ತಳಿಯೂ ಇವೆ. ಮಹಾರಾಷ್ಟ್ರದ ಫಲ್ಟಣದ ಸಂಸ್ಥೆ ನಾರಿ-6 ಎಂಬ ತಳಿ ಕೊಟ್ಟಿದೆ. ಆದರೆ ಮುಳ್ಳಿಲ್ಲ ಅಂದ್ರೆ ದನಕ್ಕೆ ತಡೆಯೂ ಇಲ್ಲ. ಅಕ್ಕಡಿ ಬಿಟ್ಟು ಇಡೀ ಹೊಲ ಕುಸುಬಿ ಹಾಕಿದವರಿಗೆ ಕಂಬೈನ್ ಯಂತ್ರ ಒಂದು ದಾರಿ. ಎರಡು ಸಾಲು ಹಾಕಿದವರ ಹೊಲಕ್ಕೆ ಅದು ಬರೋದಿಲ್ಲ.

ಗಾಣದ ಲೆಕ್ಕ

ಎರಡನೇ ಪ್ರಶ್ನೆ ಅಂಗಡಿಯದ್ದು. ಬೀಜದಲ್ಲಿ ಎಣ್ಣೆ ಶೇ 30ರ ಆಸುಪಾಸು. ಗಾಣದಲ್ಲಿ ಅಷ್ಟೂ ಇಳಿಯೋದಿಲ್ಲ. ಕ್ವಿಂಟಲ್‌ಗೆ 25 ಕಿಲೋ ಇಳಿಯಿತು ಅಂತಿಟ್ಟುಕೊಂಡರೂ, 6,540 ರೂ. ದರದಲ್ಲಿ ಒಂದು ಕಿಲೋ ಎಣ್ಣೆಗೆ ಬೀಜದ ಖರ್ಚೇ ಸುಮಾರು 262 ರೂ. ಹಿಂಡಿ ಮಾರಿ ಸ್ವಲ್ಪ ವಾಪಸ್ ಬಂದರೂ ಗಾಣದ ಕೂಲಿ, ಕರೆಂಟು, ಡಬ್ಬಿ, ಅಂಗಡಿ ಲಾಭ ಬಾಕಿ. ಅದೇ ಕಟ್ಟೆಯಲ್ಲಿ ಪಾಮ್, ಸೂರ್ಯಕಾಂತಿ ಪ್ಯಾಕೆಟ್ ಇಟ್ಟು ಮಾರೋದು ಹೇಗೆ? 2025ರ ಮೇ ಕೊನೆಗೆ ಕೇಂದ್ರವೇ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು. ಒಂದು ಕೈಯಿಂದ ಬೀಜದ ದರ ಏರಿಸಿ, ಇನ್ನೊಂದು ಕೈಯಿಂದ ಹೊರಗಿನ ಎಣ್ಣೆ ಅಗ್ಗ ಮಾಡಿದ ಹಾಗಾಯ್ತು.

ಹಾಗಾಗಿ ತೀರಾ ಅಗ್ಗಕ್ಕೆ ‘ಶುದ್ಧ ಕುಸುಬಿ ಎಣ್ಣೆ’ ಸಿಕ್ಕರೆ ಗಿರಾಕಿ ಮೊದಲು ಲೇಬಲ್ ನೋಡಬೇಕು. ಮಿಶ್ರ ಎಣ್ಣೆ ಆಗಿದ್ದರೆ ಡಬ್ಬಿ ಮೇಲೆ ಹಾಗೆಂದು ಬರೆಯೋದು ಕಡ್ಡಾಯ.

ಹೃದಯಕ್ಕೆ ಒಳ್ಳೆಯದಾ?

ದುಬಾರಿ ಎಣ್ಣೆಯನ್ನು ಮಾರಲು ಹೇಳುವ ಮಾತು ಇದೇ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗ ಲಿನೋಲಿಕ್ ಆಮ್ಲ. ಇದು ಕೊಲೆಸ್ಟ್ರಾಲ್ ಇಳಿಸ್ತದೆ, ನಿಜ. ಆದರೆ 1966ರಿಂದ 1973ರವರೆಗೆ ಸಿಡ್ನಿಯಲ್ಲಿ ಹೃದಯದ ತೊಂದರೆ ಆಗಿದ್ದ 458 ಗಂಡಸರ ಮೇಲೆ ನಡೆದ ಪ್ರಯೋಗದ ಅಂಕಿ 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಕುಸುಬಿ ಎಣ್ಣೆ, ಅದರ ಮಾರ್ಗರಿನ್ ತಿಂದ ಗುಂಪಿನಲ್ಲಿ ಸಾವು ಶೇ 17.6, ಉಳಿದವರಲ್ಲಿ ಶೇ 11.8. ಕುಸುಬಿ ವಿಷ ಅಂತ ಇದರ ಅರ್ಥ ಅಲ್ಲ. ಇದೊಂದೇ ಎಣ್ಣೆಯನ್ನು ಔಷಧಿ ಅಂದುಕೊಂಡು ಸುರಿಯಬಾರದು, ಅಷ್ಟೇ. ಗಾಣದ ಎಣ್ಣೆ ಒಗ್ಗರಣೆ, ಪಲ್ಯಕ್ಕೆ ಸರಿ, ಮತ್ತೆ ಮತ್ತೆ ಕಾಯಿಸಿ ಕರಿಯೋದಕ್ಕಲ್ಲ. ಹೂವಿನ ಕಷಾಯವನ್ನು ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಮುಂದೇನು?

ಬೆಂಬಲ ಬೆಲೆ ರೈತರ ಕೈಗೆ ಸಿಗೋದು ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ತೆರೆದರೆ ಮಾತ್ರ. ಫೆಬ್ರವರಿ–ಮಾರ್ಚ್‌ನಲ್ಲಿ ಮಾಲು ಬರ್ತದೆ. ಅಷ್ಟರೊಳಗೆ ಕೇಂದ್ರ, ನೋಂದಣಿ, ಚೀಲ ತಯಾರಿರಬೇಕು. ತಡವಾದರೆ ಸಾಲ ಇರುವ ರೈತ ವರ್ತಕರು ಕೂಗಿದ ದರಕ್ಕೇ ಕೊಟ್ಟು ಮನೆಗೆ ಹೋಗ್ತಾನೆ, ಮುಂದಿನ ಹಿಂಗಾರಿಗೆ ಮತ್ತೆ ಕಡಲೆಯನ್ನೇ ಬಿತ್ತುತ್ತಾನೆ. ಆಗ 600 ರೂ. ಏರಿಕೆ ಪತ್ರಿಕೆಯ ಸುದ್ದಿಯಾಗಿ ಮಾತ್ರ ಉಳೀತದೆ.