ಹಳೆಯ ಪಿಕಪ್ಪಿಗೆ ಬೇಕಾದದ್ದು ಹೊಸ ಬುಷ್, ಹೆಚ್ಚಿನ ಪ್ಲೇಟಲ್ಲ



ಅಡಿಕೆಯ ಧಾರಣೆ, ಗೊಬ್ಬರದ ದರ, ಬೋರ್‌ವೆಲ್ಲಿನ ನೀರು ಇವುಗಳ ಬಗ್ಗೆ ಈ ಪುಟಗಳಲ್ಲಿ ಚರ್ಚಿಸಿದಷ್ಟು, ನಮ್ಮ ಮಾಲನ್ನು ಹೊರುವ ವಾಹನದ ಬಗ್ಗೆ ನಾವು ಚರ್ಚಿಸಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರ ಮನೆಯ ಮುಂದೆ ಹತ್ತು ಹದಿನೈದು ವರ್ಷ ದುಡಿದ ಪಿಕಪ್ ನಿಂತಿದೆ. ಅದರ ಎಂಜಿನ್ನಿಗೆ ಆಯಿಲ್ ಬದಲಾಯಿಸುತ್ತೇವೆ, ಆಯುಧಪೂಜೆಗೆ ತೊಳೆದು ಹೂವು ಮುಡಿಸುತ್ತೇವೆ. ಆದರೆ ಭಾರವನ್ನೆಲ್ಲ ಹೊರುವ ಸ್ಪ್ರಿಂಗ್ ಪ್ಲೇಟು, ಶ್ಯಾಕಲ್, ಬುಷ್, ಶಾಕ್ ಅಬ್ಸಾರ್ಬರ್‌ಗಳು ನಮಗೆ ನೆನಪಾಗುವುದು ಅವು ಮುರಿದ ದಿನವೇ. ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ನೋಡದೆ ಗಾಡಿ ಕಟ್ಟದಿದ್ದ ರೈತ, ಪಿಕಪ್ಪಿನ ಅಡಿಗೆ ಒಮ್ಮೆಯಾದರೂ ಬಗ್ಗಿ ನೋಡದಿರುವುದು ಸರಿಯಲ್ಲ.

ಈ ಮಾತನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ಹಿಂದೆ ನಮ್ಮ ವಾಹನಗಳು ತೋಟದಿಂದ ಊರಿಗೆ, ಊರಿನಿಂದ ಪೇಟೆಗೆ ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತಿದ್ದವು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆ ಮುಟ್ಟುವ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದು ನಮ್ಮ ನಾಲ್ಕೂ ತಾಲ್ಲೂಕುಗಳನ್ನು ತಾಕಿ ಹೋಗುತ್ತದೆ. ರಸ್ತೆ ಹೊಸದಾಯಿತು, ವಾಹನ ಹಳೆಯದೇ ಉಳಿಯಿತು. ಮೂವತ್ತು ಕಿಲೋಮೀಟರ್ ವೇಗದಲ್ಲಿ ಬರೇ ಕಟಕಟ ಸದ್ದು ಮಾಡುವ ಸವೆದ ಬುಷ್, ಎಂಬತ್ತರ ವೇಗದಲ್ಲಿ ವಾಹನವನ್ನೇ ಪಕ್ಕಕ್ಕೆ ಎಳೆಯಬಲ್ಲದು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದು ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬುದನ್ನು ಸದಸ್ಯರು ಮರೆಯಬಾರದು.

ನಮ್ಮಲ್ಲಿ ಬೇರೂರಿರುವ ಇನ್ನೊಂದು ಪದ್ಧತಿಯನ್ನು ನಾವು ಸ್ಪಷ್ಟವಾಗಿ ವಿರೋಧಿಸುತ್ತೇವೆ. ಬೇಸಿಗೆಯಲ್ಲಿ ಕೆರೆಗೋಡು, ಕೋಳಿಗೊಬ್ಬರ ಹೊಡೆಸುವಾಗ ವಾಹನದ ಹಿಂಭಾಗ ಕುಸಿಯುತ್ತದೆ. ಆಗ ಸವೆದದ್ದನ್ನು ಬದಲಿಸುವ ಬದಲು, ಎರಡು ಪ್ಲೇಟು ಹೆಚ್ಚಿಗೆ ಸೇರಿಸಿಬಿಡಿ ಎನ್ನುತ್ತೇವೆ. ಹಿಂಭಾಗ ಎದ್ದು ನಿಲ್ಲುತ್ತದೆ, ನಮಗೆ ಸಮಾಧಾನವಾಗುತ್ತದೆ. ಆದರೆ ಪ್ಲೇಟು ಹೆಚ್ಚಿದ ಮಾತ್ರಕ್ಕೆ ಚಾಸಿ, ಆಕ್ಸಲ್, ಬೇರಿಂಗ್, ಟೈರು, ಬ್ರೇಕುಗಳ ಶಕ್ತಿ ಹೆಚ್ಚಲಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುವ ವಾಲ್ವು ಇರುತ್ತದೆ. ಪ್ಲೇಟು ಸೇರಿಸಿ ಎತ್ತರಿಸಿದರೆ, ತುಂಬಿದ ವಾಹನವನ್ನೂ ಅದು ಖಾಲಿಯೆಂದು ತಿಳಿದು ಬ್ರೇಕನ್ನು ತಗ್ಗಿಸುತ್ತದೆ. ಇನ್ನು ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಅತಿಯಾಸೆ ಗತಿಗೇಡು ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ.

ಪರೀಕ್ಷೆಗೆ ಮೆಕ್ಯಾನಿಕ್ಕನೇ ಬೇಕೆಂದಿಲ್ಲ. ಖಾಲಿ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿಗೆ ಎರಡೂ ಕಡೆ ಅಳೆಯಿರಿ. ಅಳತೆ ಬೇರೆಯಾದರೆ ಒಂದು ಕಡೆ ಪ್ಲೇಟು ಸತ್ವ ಕಳೆದುಕೊಂಡಿದೆ, ಇಲ್ಲವೆ ಮುರಿದಿದೆ ಎಂದು ಸಂಶಯ ಪಡಬೇಕು. ಪ್ಲೇಟಿನ ಕಿವಿಯ ಬಳಿ ಹಾರೆ ತೂರಿಸಿ ಮೀಟಿದಾಗ ಸಡಿಲವಾಗಿ ಆಡಿದರೆ ಬುಷ್ ಹೋಗಿದೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದಿದ್ದರೆ ಅದರ ಆಯುಷ್ಯ ಮುಗಿದಿದೆ. ಮುಂದಿನ ಚಕ್ರವನ್ನು ಜಾಕಿಯಲ್ಲೆತ್ತಿ, ಕೆಳಗೆ ಗಟ್ಟಿಯಾದ ದಿಮ್ಮಿ ಕೊಟ್ಟು, ಮೇಲೆ ಕೆಳಗೆ ಮತ್ತು ಅಕ್ಕಪಕ್ಕ ಹಿಡಿದು ಅಲುಗಾಡಿಸಿ. ಚಕ್ರ ಅಲುಗಿದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಸ್ಟೇರಿಂಗಿನ ಕೀಲುಗಳು ಸವೆದಿರಬಹುದು. ಆಮೇಲಿನದು ಮೆಕ್ಯಾನಿಕ್ಕಿನ ಕೆಲಸ.

ಬದಲಿಸುವಾಗಲೂ ಕೆಲವು ನಿಯಮ ಪಾಲಿಸಬೇಕು. ಪ್ಲೇಟಾಗಲಿ, ಶಾಕ್ ಅಬ್ಸಾರ್ಬರ್ ಆಗಲಿ ಎಡಬಲ ಜೋಡಿಯಾಗಿಯೇ ಬದಲಾಗಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಹಾಕಿದರೆ ವಾಹನ ಓರೆಯಾಗಿ ನಿಲ್ಲುತ್ತದೆ, ಓರೆಯಾಗಿ ಓಡುತ್ತದೆ. ಮುರಿದ ಪ್ಲೇಟಿಗೆ ವೆಲ್ಡಿಂಗ್ ಕೂಡದು. ಸ್ಪ್ರಿಂಗಿನ ಉಕ್ಕಿಗೆ ಬಲ ಬಂದದ್ದು ಅದಕ್ಕೆ ಕೊಟ್ಟ ಹದದಿಂದ. ವೆಲ್ಡಿಂಗಿನ ಕಾವಿಗೆ ಆ ಹದ ಕೆಟ್ಟು, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಪ್ಲೇಟು ಬಿಚ್ಚಿದ ಮೇಲೆ ಹಳೆಯ ಯು ಬೋಲ್ಟುಗಳನ್ನೇ ತೊಡಿಸದೆ ಹೊಸದನ್ನು ಹಾಕಿಸಿ. ಯು ಬೋಲ್ಟು ಸಡಿಲವಾದರೆ ಸೆಂಟರ್ ಬೋಲ್ಟು ಕತ್ತರಿಸಿ ಆಕ್ಸಲ್ಲೇ ಸರಿಯುತ್ತದೆ. ಆದ್ದರಿಂದ ಮೊದಲ ಕೆಲವು ಲೋಡಿನ ನಂತರ ಮತ್ತೊಮ್ಮೆ ಬಿಗಿ ಮಾಡಿಸಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ವಾಹನ ಜಾಕಿಯ ಮೇಲೆ ನೇತಾಡುವಾಗ ಬಿಗಿಯಬಾರದು. ಚಕ್ರಗಳು ನೆಲದ ಮೇಲೆ ನಿಂತು ಭಾರ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಮುಂಭಾಗದ ಕೆಲಸವಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ.

ಹಳೆಯ ವಾಹನಕ್ಕೆ ಇಷ್ಟು ಖರ್ಚೇಕೆ, ಮಾರಿದರೆ ಎಷ್ಟು ಬಂದೀತು ಎಂದು ಕೇಳುವವರಿದ್ದಾರೆ. ಧಾರಣೆ ಇಳಿದ ವರ್ಷ ಈ ಪ್ರಶ್ನೆ ಸಹಜವೇ. ಆದರೆ ಸವೆದ ಬುಷ್ ತಾನೊಂದೇ ಸವೆಯುವುದಿಲ್ಲ. ಟೈರನ್ನು ತಿನ್ನುತ್ತದೆ, ಪ್ಲೇಟಿನ ಕಿವಿಯನ್ನು ತಿನ್ನುತ್ತದೆ, ಕಡೆಗೆ ಬ್ರಾಕೆಟ್ಟನ್ನೂ ತಿನ್ನುತ್ತದೆ. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ಆ ದಿನಕ್ಕೆ ಮಾತ್ರ ತೇಪೆ ಹಾಕಿಸುವ ಹಣವನ್ನು ಒಮ್ಮೆ ಸರಿಯಾದ ಕೆಲಸಕ್ಕೆ ಹಾಕುವುದು ಲಾಭಕರ. ಒಂದು ಲೋಡನ್ನು ಎರಡು ಸಲ ಹೊಡೆದರೆ ಡೀಸೆಲ್ ಖರ್ಚು ಹೆಚ್ಚುತ್ತದೆಂಬುದೂ ನಿಜ. ಹಾಗೆಂದು ಆ ಉಳಿತಾಯದ ಅಪಾಯವನ್ನು ಡ್ರೈವರನ ತಲೆಗೆ ಕಟ್ಟುವುದು ಧರ್ಮವಲ್ಲ. ಅವನು ನಮ್ಮ ಮಗನಾಗಿರಬಹುದು, ನೆರೆಯವರ ಮಗನಾಗಿರಬಹುದು. ಕೊಯ್ಲಿನ ದಿನಗಳಲ್ಲಿ ಕೂಲಿಯಾಳುಗಳನ್ನು ಚೀಲಗಳ ಮೇಲೆ ಕೂರಿಸಿ ತರುವುದು ಇನ್ನೂ ನಿಂತಿಲ್ಲ. ತೋಟದ ತಿರುವಿನಲ್ಲಿ ಪ್ಲೇಟು ಮುರಿದು ವಾಹನ ವಾಲಿದರೆ ಮೊದಲು ಬೀಳುವವರು ಅವರೇ. ಇದು ಕೂಡಲೇ ನಿಲ್ಲಬೇಕು.

ಸಣ್ಣ ಬೆಳೆಗಾರ ಒಬ್ಬನೇ ಅಂಗಡಿಗೆ ಹೋದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಕಷ್ಟ. ಗೊಬ್ಬರವನ್ನು ಒಟ್ಟಾಗಿ ಕೊಳ್ಳುವ ನಾವು ಬುಷ್, ಶ್ಯಾಕಲ್, ಯು ಬೋಲ್ಟು, ಶಾಕ್ ಅಬ್ಸಾರ್ಬರ್‌ಗಳನ್ನೂ ಬಿಲ್ಲು ಸಮೇತ ಒಟ್ಟಾಗಿ ಏಕೆ ತರಿಸಬಾರದು? ಅಡಿಕೆ ಕೊಯ್ಲಿಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಸದಸ್ಯರ ವಾಹನಗಳನ್ನೆಲ್ಲ ಒಂದೆಡೆ ನಿಲ್ಲಿಸಿ ನುರಿತ ಮೆಕ್ಯಾನಿಕ್ಕನಿಂದ ಅಡಿಭಾಗ ಪರೀಕ್ಷೆ ಮಾಡಿಸಬಹುದು. ಹಣ ಒಮ್ಮೆಲೆ ಕೊಡಲಾರದವರಿಗೆ ಮಾಲಿನ ಲೆಕ್ಕದಲ್ಲಿ ಹಿಡಿದುಕೊಳ್ಳುವ ಸೌಲಭ್ಯವನ್ನೂ ಯೋಚಿಸಬಹುದು. ಈ ಸಲಹೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲಿದ್ದೇವೆ.

ಅಲ್ಲಿಯವರೆಗೆ ಪ್ರತಿಯೊಬ್ಬ ಸದಸ್ಯರೂ ಅರ್ಧ ಗಂಟೆ ಬಿಡುವು ಮಾಡಿಕೊಂಡು ತಮ್ಮ ವಾಹನದ ಅಡಿಯನ್ನು ನೋಡಬೇಕೆಂದೂ, ಈ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದೂ ಕೋರುತ್ತೇವೆ.

– ಕಾರ್ಯದರ್ಶಿ