ಮನೆಯಲ್ಲಿ ಮೇಲ್ವಿಚಾರಕರು ಯಾರು?

ಮೊನ್ನೆ ಸಂಜೆ ಮಿತ್ರರೊಬ್ಬರು ಬಹಳ ಬೇಸರದಿಂದ ಬಂದು ಕುಳಿತರು. ಅವರ ಮಗಳು ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಅರ್ಥಶಾಸ್ತ್ರದ ಅಧ್ಯಾಪಕರು ಆಕೆಯ ಪ್ರಬಂಧಕ್ಕೆ ಸೊನ್ನೆ ಕೊಟ್ಟು ಹಿಂದಿರುಗಿಸಿದ್ದರು. "ಹತ್ತು ಅಂಕಕ್ಕಾಗಿ ಮಗುವನ್ನು ಹೀಗೆ ಅಳಿಸುವುದೇ? ನೀವೇ ಹೇಳಿ ಸ್ವಾಮಿ" ಎಂಬುದು ಅವರ ಅಹವಾಲು.

ಕಾಫಿ ಮುಗಿಯುವ ಹೊತ್ತಿಗೆ ನಿಜಸಂಗತಿ ಹೊರಬಿತ್ತು. ಪ್ರಬಂಧ ಮಗಳದಲ್ಲ, ತಂದೆಯದು. ಅವರಾದರೂ ಸ್ವತಃ ಬರೆದುದಲ್ಲ. ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುವ ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿ, ಅಚ್ಚುಹಾಕಿಸಿ ಕೊಟ್ಟುದು. ಮಗಳಿಗೆ ಮರುದಿನ ಬೇರೊಂದು ಪರೀಕ್ಷೆಯಿತ್ತಂತೆ, ರಾತ್ರಿ ಹನ್ನೊಂದಾಗಿತ್ತಂತೆ. ಹೆತ್ತ ಕರುಳು ಸುಮ್ಮನಿರುವುದು ಹೇಗೆ? ಅಧ್ಯಾಪಕರು ಆಕೆಯನ್ನು ಕರೆದು, ಪ್ರಬಂಧದಲ್ಲಿದ್ದ ವಿಷಯವನ್ನೇ ಕುರಿತು ಎರಡು ಪ್ರಶ್ನೆ ಕೇಳಿದರು. ಆಕೆ ತಲೆತಗ್ಗಿಸಿ ನಿಂತಳು. ಇತರರಿಂದ ಬರೆಯಿಸಿದ ಪ್ರಬಂಧಕ್ಕೆ ಅಂಕವಿಲ್ಲವೆಂದು ಅವರು ಪಾಠದ ಮೊದಲ ದಿನವೇ ತಿಳಿಸಿದ್ದರು.

ಹಿಂದೆ ವರ್ಷದ ಕೊನೆಯ ಪರೀಕ್ಷೆಯೇ ಸರ್ವಸ್ವವಾಗಿತ್ತು. ಆ ಮೂರು ಗಂಟೆಗಳ ಕಾಲ ಮೇಲ್ವಿಚಾರಕರ ಕಣ್ಣು ನಮ್ಮ ಮೇಲಿರುತ್ತಿತ್ತು. ಈಗ ಸೆಮಿಸ್ಟರ್ ಪದ್ಧತಿ. ಅಂಕಗಳ ಒಂದು ಪಾಲು ಕಿರುಪರೀಕ್ಷೆ, ಮನೆಯಲ್ಲಿ ಬರೆದು ತರುವ ಪ್ರಬಂಧ ಇವುಗಳಿಗೆ ಮೀಸಲು. ಆ ಪಾಲಿನ ಪ್ರಮಾಣ ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಬೇರೆ. ಒಂದು ದಿನದ ಜ್ವರ ವರ್ಷದ ಓದನ್ನು ನುಂಗದಿರಲೆಂಬುದು ಇದರ ಗುಣ. ಆದರೆ ಪರೀಕ್ಷೆಯ ಒಂದು ತುಂಡು ಹೀಗೆ ನಮ್ಮ ನಡುಮನೆಗೇ ಬಂದು ಕುಳಿತಿರುವುದನ್ನು ನಾವಿನ್ನೂ ಗಮನಿಸಿದಂತಿಲ್ಲ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸೂಚಿಸಿದ ಹತ್ತು ಅಂಶಗಳ ಶ್ರೇಣಿಯಲ್ಲಿ 'ಓ' ದರ್ಜೆಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, ಬರಿಯ ತೇರ್ಗಡೆಗೆ 4, ಅನುತ್ತೀರ್ಣರಿಗೆ 0. ಇದನ್ನು ವಿಷಯದ ಕ್ರೆಡಿಟ್ಟುಗಳಿಂದ ಗುಣಿಸಬೇಕು. ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ 'ಎ' ಪಡೆದವಳಿಗೆ 32, 'ಎ ಪ್ಲಸ್' ಪಡೆದವಳಿಗೆ 36. ಎರಡು ದರ್ಜೆಗಳ ಗಡಿಯಲ್ಲಿ ನಿಂತವಳನ್ನು ಆಚೆ ದಾಟಿಸಲು ಹತ್ತು ಅಂಕದ ಒಂದು ಪ್ರಬಂಧ ಸಾಕು. ಆ ನಾಲ್ಕು ಅಂಶ ತಂದೆಯ ಸಂಪಾದನೆಯಾದರೆ, ರಾತ್ರಿಯೆಲ್ಲ ಕುಳಿತು ತಾನೇ ಬರೆದು 'ಎ'ಯಲ್ಲೇ ಉಳಿದ ಪಕ್ಕದ ಬೆಂಚಿನ ಹುಡುಗಿಗೆ ನಾವು ಏನು ಹೇಳೋಣ?

ಕಾನೂನು ಇಲ್ಲವೆಂದಲ್ಲ. ಅದೇ ಆಯೋಗ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಗಳನ್ನು ತಂದಿತು. ಸಂಶೋಧನ ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ಶೇಕಡಾ 10ರವರೆಗಿದ್ದರೆ ದಂಡನೆಯಿಲ್ಲ. 40ರವರೆಗಾದರೆ ತಿದ್ದಿ ಕೊಡಬೇಕು. 60ರವರೆಗಾದರೆ ಒಂದು ವರ್ಷ ತಡೆ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆದರೆ ಇದು ಬಿ.ಎ. ತರಗತಿಯ ಮನೆಪ್ರಬಂಧಕ್ಕೆ ಹಾಕಿದ ಅಳತೆಗೋಲಲ್ಲ. ಅಲ್ಲದೆ, ಹೋಲಿಕೆಯನ್ನು ಯಂತ್ರ ಎಣಿಸಬಹುದು. ತಂದೆ ವಾತ್ಸಲ್ಯದಿಂದ ಹೊಸದಾಗಿ ಬರೆದುಕೊಟ್ಟುದನ್ನು ಯಾವ ಯಂತ್ರ ಹಿಡಿದೀತು? ಅಲ್ಲಿ ಮೇಲ್ವಿಚಾರಕರು ನಾವೇ.

ಇದನ್ನೆಲ್ಲ ಕೇಳಿ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲನೆ, "ಅವಳು ನನ್ನನ್ನು ಬರೆದುಕೊಡೆಂದು ಕೇಳಿರಲಿಲ್ಲ. ನಾನಾಗಿಯೇ ಕೊಟ್ಟೆ. ಸೊನ್ನೆ ಬಂತೆಂದೂ ಅವಳು ಅಳಲಿಲ್ಲ. 'ಅಪ್ಪಾ, ಆ ಪಾಠ ನನಗೆ ಗೊತ್ತಿತ್ತು, ನಾನೇ ಬರೆದಿದ್ದರೆ ಉತ್ತರ ಹೇಳುತ್ತಿದ್ದೆ' ಎಂದು ಅತ್ತಳು" ಎಂದರು.

ಅಧ್ಯಾಪಕರ ಮೇಲೆ ದೂರು ಬರೆಯಲೆಂದು ಅವರು ತಂದಿದ್ದ ಕಾಗದ ಮೇಜಿನ ಮೇಲೆ ಹಾಗೆಯೇ ಇತ್ತು. ಹೋಗುವಾಗ ಅದನ್ನು ಮಡಿಸಿ ಜೇಬಿಗೆ ಸೇರಿಸಿದರು.

"ಮನೆಗೆ ಹೋಗಿ ಮೊದಲು ಅವಳ ಕ್ಷಮೆ ಕೇಳುತ್ತೇನೆ" ಎಂದರು.